ಇಂಟರ್ನೆಟ್ ಗೀಳಿಗೆ ಇಂಟರ್ನೆಟ್‌ನಲ್ಲೇ ಥೆರಪಿ: ಯಾರಾದರೂ ಮಾಡಿಸಿಕೊಂಡಿದ್ದೀರಾ?

ನಿದ್ದೆಗೆಟ್ಟವ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ರಾತ್ರಿ ಹತ್ತಕ್ಕೆ ಮಲಗಲು ಹೋಗುತ್ತೇನೆ. ಒಂದೇ ಒಂದು ವಿಡಿಯೊ ನೋಡಿ ಮಲಗೋಣ ಅಂದುಕೊಳ್ಳುತ್ತೇನೆ. ತಲೆ ಎತ್ತಿ ನೋಡಿದರೆ ಗಂಟೆ ಎರಡೂವರೆ ಆಗಿರುತ್ತದೆ. ಫೋನಿನ ಬೆನ್ನು ಬಿಸಿಯಾಗಿರುತ್ತದೆ. ಫೋನ್ ಹೊತ್ತು ಹೊತ್ತು ಕಿರುಬೆರಳಿನ ಮೇಲೆ ತಗ್ಗು ಬಿದ್ದಿರುತ್ತದೆ. ಇಷ್ಟು ಹೊತ್ತು ಏನು ನೋಡಿದೆ ಅಂತ ಕೇಳಿದರೆ ಮೂರು ವಿಷಯ ಹೇಳಲು ಬರುವುದಿಲ್ಲ. ಎರಡು ವರ್ಷದಿಂದ ಇದೇ ಪಾಡು. ಆ್ಯಪ್ ತೆಗೆಯುತ್ತೇನೆ, ಎರಡು ದಿನಕ್ಕೆ ಮತ್ತೆ ಹಾಕಿಕೊಳ್ಳುತ್ತೇನೆ. ಕೆಲಸದಲ್ಲಿ ಎರಡು ಸಲ ಎಚ್ಚರಿಕೆ ಕೊಟ್ಟಿದ್ದಾರೆ. ಹೆಂಡತಿ ಈಗ ಜಗಳ ಆಡುವುದನ್ನೂ ಬಿಟ್ಟಿದ್ದಾಳೆ. ನನಗೆ ಭಯ ಹುಟ್ಟಿಸಿದ್ದು ಅದೇ.

ಕೊನೆಗೂ ಒಬ್ಬ ಥೆರಪಿಸ್ಟ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡೆ. ಎಲ್ಲ ವಿಡಿಯೊ ಕಾಲ್‌ನಲ್ಲೇ. ವಾರಕ್ಕೊಮ್ಮೆ, 50 ನಿಮಿಷ. ಮೊದಲನೆಯದು ಈ ಗುರುವಾರ. ಗೆಳೆಯನಿಗೆ ಹೇಳಿದೆ. "ಕುಡಿತ ಬಿಡಿಸಲು ಹೆಂಡದಂಗಡಿಗೇ ಕರೆದುಕೊಂಡು ಹೋದ ಹಾಗಾಯಿತು" ಅಂದ. ಆ ಮಾತು ತಲೆಯಿಂದ ಹೋಗುತ್ತಿಲ್ಲ. ಅವನು ಹೇಳಿದ್ದು ನಿಜವಾ? ಆನ್‌ಲೈನ್ ಥೆರಪಿ ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಂಜೆಬಿಸಿಲು
ನಾನು ಮಾಡಿಸಿಕೊಂಡಿದ್ದೇನೆ. ಏಳು ತಿಂಗಳು. ಕೆಲಸ ಮಾಡಿತು. ಸಂಜೆ ಕೂತು ವಿವರವಾಗಿ ಬರೆಯುತ್ತೇನೆ. ಗುರುವಾರದ್ದನ್ನು ಮಾತ್ರ ಕ್ಯಾನ್ಸಲ್ ಮಾಡಬೇಡಿ.

ತರ್ಕ77
ಮೊದಲು ಒಂದು ಪ್ರಶ್ನೆ. ಇದು ಕಾಯಿಲೆ ಅಂತ ಯಾರು ಹೇಳಿದ್ದು? ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಬಂದದ್ದು 2013ರಲ್ಲಿ. ಅದರಲ್ಲಿ "ಇಂಟರ್ನೆಟ್ ಚಟ" ಅನ್ನುವ ಕಾಯಿಲೆಯೇ ಇಲ್ಲ. ಆನ್‌ಲೈನ್ ಆಟದ ಚಟವನ್ನು ಮಾತ್ರ "ಇನ್ನೂ ಅಧ್ಯಯನ ಆಗಬೇಕು" ಅನ್ನುವ ಭಾಗದಲ್ಲಿ ಹಾಕಿದ್ದಾರೆ. ಹೆಸರೇ ಇಲ್ಲದ ಕಾಯಿಲೆಗೆ ಚಿಕಿತ್ಸೆ ಅಂದರೆ ಏನು? ಶಿಸ್ತು ಸಾಕು ಅಂತ ನನ್ನ ಅಭಿಪ್ರಾಯ.

ಹಳೇಮರ
ತರ್ಕ ಅವರೇ, ಅರ್ಧ ಸರಿ ಹೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಐಸಿಡಿ-11ರಲ್ಲಿ ಆಟದ ಚಟ ಪೂರ್ತಿ ಕಾಯಿಲೆಯಾಗಿಯೇ ಸೇರಿದೆ. 2019ರಲ್ಲಿ ಒಪ್ಪಿದರು, 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅಲ್ಲಿ ಮೂರು ವಿಷಯ ನೋಡುತ್ತಾರೆ. ಹಿಡಿತ ತಪ್ಪಿದೆಯಾ, ಬೇರೆಲ್ಲ ಹಿಂದೆ ಸರಿದು ಅದೊಂದೇ ಮುಂದೆ ಬಂದಿದೆಯಾ, ಹಾನಿ ಆಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುತ್ತಿದ್ದೀರಾ. ಸಾಮಾನ್ಯವಾಗಿ ಇದು 12 ತಿಂಗಳು ಇರಬೇಕು.

ಸ್ಕ್ರೋಲ್ ಮಾಡುವುದು ಅದರಲ್ಲಿ ಹೆಸರು ಹಿಡಿದು ಇಲ್ಲ, ನಿಜ. ಹಾಗಂತ ಮೇಲಿನ ಪೋಸ್ಟ್ ಬರೆದವರ ನಿದ್ದೆ ವಾಪಸ್ ಬರುವುದಿಲ್ಲವಲ್ಲ? ಕೆಲಸ ಹೋಗುವ ಹಂತಕ್ಕೆ ಬಂದವರಿಗೆ ಪಟ್ಟಿಯಲ್ಲಿ ಹೆಸರು ಬರುವವರೆಗೆ ಕಾಯಿರಿ ಅನ್ನಲು ಆಗುತ್ತದಾ?

ತರ್ಕ77
ಕಾಯಿರಿ ಅನ್ನಲಿಲ್ಲ. ಎಲ್ಲದಕ್ಕೂ ಕಾಯಿಲೆಯ ಹಣೆಪಟ್ಟಿ ಹಚ್ಚಬೇಡಿ ಅಂದೆ. ಈ ಪದ ಹುಟ್ಟಿದ್ದೇ ಅಣಕಕ್ಕೆ. 1995ರಲ್ಲಿ ಇವಾನ್ ಗೋಲ್ಡ್‌ಬರ್ಗ್ ಅನ್ನುವ ಮನೋವೈದ್ಯರು ಡಿಎಸ್‌ಎಂ ಭಾಷೆಯನ್ನು ಅಣಕಿಸಿ "ಇಂಟರ್ನೆಟ್ ಚಟದ ಕಾಯಿಲೆ" ಅಂತ ಒಂದು ಲಕ್ಷಣಗಳ ಪಟ್ಟಿ ಬರೆದು ಹಾಕಿದರು.

ಹಳೇಮರ
ಆ ಕಥೆಯ ಉಳಿದ ಭಾಗವನ್ನೂ ಹೇಳಿ. ಓದಿದವರು "ನನಗೂ ಇದೇ ಇದೆ" ಅಂತ ಅವರಿಗೇ ಬರೆದರು. ಅದೇ ಹೊತ್ತಿಗೆ ಕಿಂಬರ್ಲಿ ಯಂಗ್ ಅನ್ನುವ ಮನಶ್ಶಾಸ್ತ್ರಜ್ಞೆ ಇದನ್ನು ಗಂಭೀರವಾಗಿ ಅಧ್ಯಯನ ಮಾಡಲು ಶುರುಮಾಡಿದರು. 20 ಪ್ರಶ್ನೆಗಳ ಪರೀಕ್ಷೆ ಮಾಡಿದವರೂ ಅವರೇ. ಇವತ್ತಿಗೂ ಅದು ಬಳಕೆಯಲ್ಲಿದೆ. ಅಣಕಕ್ಕೆ ಬರೆದದ್ದರಲ್ಲಿ ಜನ ತಮ್ಮ ಮುಖ ಕಂಡರು ಅಂದರೆ ನೋವು ಮೊದಲೇ ಇತ್ತು ಅಂತ ಅಲ್ವಾ?

ಮೀನಾಕ್ಷರ
ಸ್ವಾಮಿ, ಅವರು ಕೇಳಿದ್ದು ಗುರುವಾರದ ಬಗ್ಗೆ.

ರಾತ್ರಿಪಾಳಿ
ಹೆಂಡದಂಗಡಿ ಹೋಲಿಕೆ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಾನೂ ಅದನ್ನು ನಂಬಿದ್ದೆ.

ನನ್ನ ಕೆಲಸ ಪೂರ್ತಿ ಕಂಪ್ಯೂಟರ್ ಮುಂದೆ. ರಾತ್ರಿಪಾಳಿ. ಬ್ಯಾಂಕು, ಟಿಕೆಟ್ಟು, ಮಗಳ ಶಾಲೆಯ ಸೂಚನೆ, ಅಮ್ಮನ ಡಾಕ್ಟರ್, ಎಲ್ಲ ಫೋನಿನಲ್ಲೇ. ಕುಡಿಯುವವನಿಗೆ ಇನ್ನು ಆ ಬೀದಿಗೇ ಹೋಗಬೇಡ ಅನ್ನಬಹುದು. ನನಗೆ ಯಾವ ಬೀದಿಗೆ ಹೋಗಬೇಡ ಅನ್ನುತ್ತೀರಿ? ನನ್ನದು ಅತಿಯಾಗಿ ತಿನ್ನುವವರ ತೊಂದರೆಯ ಹಾಗೆ. ಊಟ ಬಿಡಲು ಆಗುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಕಲಿಯಬೇಕು. ಆ ಕಲಿಕೆ ಊಟದ ಮುಂದೆ ಕೂತೇ ಆಗಬೇಕು.

ಒಂದು ಸಲ ಹದಿನೈದು ದಿನ ಫೋನೇ ಇಲ್ಲದ ಕಡೆ ಹೋಗಿ ಇದ್ದು ಬಂದೆ. ಅಲ್ಲಿ ಚೆನ್ನಾಗಿಯೇ ಇದ್ದೆ. ನಿದ್ದೆ ಬಂತು, ಹಸಿವಾಯಿತು. ವಾಪಸ್ ಬಂದ ನಾಲ್ಕನೇ ರಾತ್ರಿ ಎಲ್ಲ ಮೊದಲಿನ ಹಾಗೇ. ಫೋನ್ ಪಕ್ಕದಲ್ಲಿ ಇದ್ದಾಗ ಏನು ಮಾಡಬೇಕು ಅನ್ನುವುದನ್ನು ಅಲ್ಲಿ ಕಲಿಯಲು ಆಗಲೇ ಇಲ್ಲ, ಪಕ್ಕದಲ್ಲಿ ಫೋನೇ ಇರಲಿಲ್ಲವಲ್ಲ.

ನಿದ್ದೆಗೆಟ್ಟವ
ರಾತ್ರಿಪಾಳಿ ಅವರೇ, ಇದನ್ನು ಎರಡು ಸಲ ಓದಿದೆ. ಥ್ಯಾಂಕ್ಸ್.

ಗಟ್ಟಿಮಾತು
ನಾನು ಒಪ್ಪುವುದಿಲ್ಲ. ಆನ್‌ಲೈನ್ ಥೆರಪಿ ನನಗೆ ದಂಡ ಆಯಿತು. ಆರು ವಾರ ಮಾಡಿದೆ. ಸೆಷನ್ ಮುಗಿದ ತಕ್ಷಣ ಅದೇ ಫೋನು, ಅದೇ ಕೈ. "ಕಾಲ್ ಮುಗಿಯಿತು" ಅಂತ ಪರದೆ ಮೇಲೆ ಬರುವ ಮೊದಲೇ ಬೆರಳು ಬೇರೆ ಆ್ಯಪ್ ಒತ್ತಿರುತ್ತಿತ್ತು. ಆಮೇಲೆ ಕ್ಲಿನಿಕ್‌ಗೆ ಹೋಗಿ ಎದುರು ಕೂತು ಮಾತಾಡಿದೆ. ಹೋಗುವಾಗ ಇಪ್ಪತ್ತು ನಿಮಿಷ ನಡೆಯಬೇಕು, ಬರುವಾಗ ಇಪ್ಪತ್ತು ನಿಮಿಷ. ನನ್ನನ್ನು ಸರಿ ಮಾಡಿದ್ದು ಅರ್ಧ ಆ ನಡಿಗೆ ಅಂತ ಈಗಲೂ ಅನ್ನಿಸುತ್ತದೆ. ಅಲ್ಲಿ ಹೇಳಿದ್ದನ್ನು ಮೆಲುಕು ಹಾಕಲು ಟೈಮ್ ಸಿಗುತ್ತಿತ್ತು.

ಸಂಜೆಬಿಸಿಲು
ಗಟ್ಟಿಮಾತು ಅವರು ಹೇಳಿದ ತೊಂದರೆ ನನಗೂ ಇತ್ತು. ಅದಕ್ಕೆ ದಾರಿ ಇದೆ. ಮಾತು ಕೊಟ್ಟ ಹಾಗೆ ಈಗ ವಿವರವಾಗಿ ಬರೆಯುತ್ತೇನೆ.

ನನ್ನದು ಸುದ್ದಿ ಮತ್ತು ಕಾಮೆಂಟ್ ಓದುವ ಗೀಳು. ಕೆಟ್ಟ ಸುದ್ದಿ ಹುಡುಕಿಕೊಂಡು ಹೋಗಿ ಓದುವುದು, ಕೆಳಗಿನ ಜಗಳ ಪೂರ್ತಿ ಓದುವುದು, ಎದೆ ಹೊಡೆದುಕೊಳ್ಳುತ್ತಿದ್ದರೂ ಬಿಡದೆ ಓದುವುದು. ಮೂರನೇ ಸೆಷನ್‌ನಲ್ಲಿ ಒಂದು ಘಟನೆ ಆಯಿತು. ಲ್ಯಾಪ್‌ಟಾಪ್‌ನಲ್ಲಿ ಥೆರಪಿಸ್ಟ್ ಮೇಡಂ ಮುಖ ಇದೆ. ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದಿದೆ. ನಾನು ಅಮ್ಮ ತೀರಿಕೊಂಡ ವರ್ಷದ ಬಗ್ಗೆ ಹೇಳುತ್ತಿದ್ದೆ. ಅವರು ಮಾತು ನಿಲ್ಲಿಸಿ ಮೆಲ್ಲಗೆ ಕೇಳಿದರು: "ಈಗ ನಿಮ್ಮ ಕಣ್ಣು ಪಕ್ಕಕ್ಕೆ ಹೋಯಿತು. ಏನು ನೋಡಿದಿರಿ?"

ನಾಚಿಕೆಯಿಂದ ಮುಖ ಬಿಸಿಯಾಯಿತು. ಟ್ಯಾಬ್ ಮೇಲೆ ಆವರಣದೊಳಗೆ 1 ಅಂತ ಬಂದಿತ್ತು, ಯಾರೋ ಉತ್ತರ ಕೊಟ್ಟಿದ್ದರು. ಅವರು ಬೈಯಲಿಲ್ಲ. "ಅದಕ್ಕೆ ಮೊದಲಿನ ಕ್ಷಣ ಏನು ಹೇಳುತ್ತಿದ್ದಿರಿ?" ಅಂದರು. ಅಮ್ಮನ ಕೊನೆಯ ದಿನದ ಮಾತಿಗೆ ಬರುತ್ತಿದ್ದೆ. ಕಷ್ಟದ ಮಾತು ಬಾಯಿಗೆ ಬರುವ ಮೊದಲೇ ಕಣ್ಣು ಓಡಿಹೋಗಿತ್ತು. ಎರಡು ವರ್ಷ ರಾತ್ರಿಯೆಲ್ಲ ನಾನು ಮಾಡುತ್ತಿದ್ದುದು ಅದನ್ನೇ. ಅವತ್ತು ಅದನ್ನು ಕಣ್ಣಾರೆ ಕಂಡೆ. ಕ್ಲಿನಿಕ್‌ನಲ್ಲಿ ಫೋನ್ ಬ್ಯಾಗಿನಲ್ಲಿ ಇಟ್ಟು ಕೂತಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಇನ್ನು ಗಟ್ಟಿಮಾತು ಅವರ ತೊಂದರೆಗೆ ನಾವು ಮಾಡಿದ್ದು ಇಷ್ಟು. ಸೆಷನ್‌ಗೆ ಲ್ಯಾಪ್‌ಟಾಪ್ ಮಾತ್ರ, ಫೋನ್ ಬೇರೆ ಕೋಣೆಯಲ್ಲಿ. ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಹದಿನೈದು ನಿಮಿಷ ಹೊರಗೆ ನಡೆಯುವುದು. ಅದನ್ನೂ ಸೆಷನ್‌ನ ಭಾಗ ಅಂತಲೇ ಲೆಕ್ಕ ಹಾಕಿದ್ದೆವು.

ಗಟ್ಟಿಮಾತು
ನನಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ. ಆದರೂ ಎದುರು ಕೂತು ಮಾತಾಡುವುದೇ ವಾಸಿ ಅನ್ನುವುದು ನನ್ನ ಮಾತು.

ಕಿವಿಗೊಟ್ಟವಳು
ನಾನು ಆಪ್ತಸಲಹೆಗಾರ್ತಿ. ಕೆಲವು ವರ್ಷಗಳಿಂದ ಹೆಚ್ಚಾಗಿ ವಿಡಿಯೊದಲ್ಲೇ ಕೆಲಸ. ಮೊದಲ ಸೆಷನ್ ಹೇಗಿರುತ್ತದೆ ಅಂತ ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನ ಯಾರೂ ನಿಮ್ಮ ಫೋನ್ ಕಿತ್ತುಕೊಳ್ಳುವುದಿಲ್ಲ. ಎಷ್ಟು ಗಂಟೆ ಬಳಸುತ್ತೀರಿ ಅನ್ನುವುದಕ್ಕಿಂತ ಬೇರೆ ಪ್ರಶ್ನೆಗಳೇ ಜಾಸ್ತಿ. ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯಾ, ಜನರ ನಡುವೆ ಹೋಗಲು ಅಂಜಿಕೆಯಾ, ಚಿಕ್ಕಂದಿನಿಂದ ಗಮನ ನಿಲ್ಲಿಸುವುದು ಕಷ್ಟವಾ. ಯಾಕೆಂದರೆ ಖಿನ್ನತೆ, ಆತಂಕ, ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಇವು ಈ ಗೀಳಿನ ಜೊತೆ ಆಗಾಗ ಕಾಣುತ್ತವೆ. ಫೋನ್ ಒಂದನ್ನೇ ಹಿಡಿದು ಎಳೆದರೆ ಅಡಿಯಲ್ಲಿ ಇರುವುದು ಹಾಗೇ ಉಳಿಯುತ್ತದೆ.

ಆಮೇಲೆ ಹೀಗೊಂದು ಪ್ರಶ್ನೆ ಬರಬಹುದು. "ಸೊನ್ನೆಯಿಂದ ಹತ್ತರವರೆಗೆ, ಬದಲಾಗುವುದು ನಿಮಗೆ ಎಷ್ಟು ಮುಖ್ಯ?" ನೀವು ಐದು ಅನ್ನುತ್ತೀರಿ. "ಯಾಕೆ ಹತ್ತು ಅಲ್ಲ?" ಅಂತ ಕೇಳಬಹುದು ಅಂದುಕೊಂಡಿರುತ್ತೀರಿ. ಅವರು "ಯಾಕೆ ಎರಡು ಅಲ್ಲ?" ಅಂತ ಕೇಳುತ್ತಾರೆ. ಆಗ ಬದಲಾವಣೆ ಯಾಕೆ ಬೇಕು ಅನ್ನುವುದನ್ನು ನಿಮ್ಮ ಬಾಯಿಂದಲೇ ಹೇಳುತ್ತೀರಿ. ಈ ರೀತಿಯ ಮಾತುಕತೆಯನ್ನು ವಿಲಿಯಂ ಮಿಲ್ಲರ್ ಅನ್ನುವವರು 1983ರಲ್ಲಿ ಕುಡಿತದ ಚಿಕಿತ್ಸೆಗಾಗಿ ಬರೆದರು. ಈಗ ಇಂಟರ್ನೆಟ್ ಗೀಳಿಗೂ ಅದೇ ದಾರಿ ಬಳಸುತ್ತಾರೆ. ನಾನು ಎಷ್ಟೋ ಜನರಿಗೆ ಕೇಳಿದ್ದೇನೆ. "ಯಾಕೆ ಎರಡು ಅಲ್ಲ" ಅಂದಾಗ ಪರದೆಯ ಆ ಕಡೆ ಬರುವ ಮೌನ ನನಗೆ ಯಾವತ್ತೂ ಹಳೆಯದಾಗಿಲ್ಲ.

ಎರಡು ಮಕ್ಕಳ ತಾಯಿ
ಮೇಡಂ, ನನ್ನ ಮಗನಿಗೆ 15 ವರ್ಷ. ದಿನಕ್ಕೆ ಎಂಟು ಗಂಟೆ ಆಟ. ಕಿತ್ತುಕೊಂಡರೆ ಬಾಗಿಲು ಒದೆಯುತ್ತಾನೆ. ಆನ್‌ಲೈನ್ ಥೆರಪಿ ಅಂದರೆ ಕ್ಯಾಮೆರಾ ಆಫ್ ಮಾಡಿ ಆಡುತ್ತಾ ಕೂರುತ್ತಾನೆ. ಇವನಿಗೆ ಏನು ಮಾಡಲಿ?

ಕಿವಿಗೊಟ್ಟವಳು
ಅಮ್ಮ, ಅವನು ಬರದಿದ್ದರೆ ಮೊದಲು ನೀವು ಬನ್ನಿ. ನನ್ನ ಹತ್ತಿರ ಹಾಗೆ ಬಂದ ತಾಯಂದಿರು ತುಂಬಾ ಜನ. ಮನೆಯಲ್ಲಿ ಒಂದು ನಿಯಮ ಬದಲಾದರೂ ಅವನಿಗೆ ಗೊತ್ತಾಗುತ್ತದೆ. ಹದಿಹರೆಯದವರ ವಿಷಯದಲ್ಲಿ ಮನೆಯವರು ಸೇರದೆ ಕೆಲಸ ಮುಂದೆ ಹೋಗುವುದು ಕಷ್ಟ. ಆಟದಲ್ಲಿ ಅವನಿಗೆ ಏನು ಸಿಗುತ್ತಿದೆ ಅಂತ ಒಂದು ದಿನ ಪಕ್ಕದಲ್ಲಿ ಕೂತು ಕೇಳಿ. ಬೈಯದೆ. ಗೆಳೆಯರು ಅಲ್ಲೇ ಇದ್ದಾರಾ? ಶಾಲೆಯಲ್ಲಿ ಯಾರಾದರೂ ಹಿಂಸೆ ಕೊಡುತ್ತಿದ್ದಾರಾ? ಬಾಗಿಲು ಒದೆಯುವುದು ಕೈ ಎತ್ತುವ ಮಟ್ಟಕ್ಕೆ ಹೋದರೆ ಅಥವಾ ಸಾಯುವ ಮಾತಾಡಿದರೆ ವಿಡಿಯೊ ಸಾಲದು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಡ ಮಾಡಬೇಡಿ.

ಎರಡು ಮಕ್ಕಳ ತಾಯಿ
ಪಕ್ಕದಲ್ಲಿ ಕೂತು ಕೇಳಿಲ್ಲ. ಒಂದು ಸಲವೂ ಕೇಳಿಲ್ಲ ಮೇಡಂ. ಇವತ್ತು ಕೇಳುತ್ತೇನೆ.

ಬಿರುಗಾಳಿ
ಕಿತ್ತುಕೊಂಡು ಒಂದು ತಿಂಗಳು ಬೀರುವಿನಲ್ಲಿ ಇಡಿ. ಎಲ್ಲ ಸರಿಹೋಗುತ್ತದೆ. ಈಗಿನವರು ಮಕ್ಕಳಿಗೆ ಜಾಸ್ತಿ ಸಲಿಗೆ ಕೊಡುತ್ತಾರೆ.

ಹಳೇಮರ
ಬಿರುಗಾಳಿ ಅವರೇ, ಬಲವಂತದ ದಾರಿ ಎಲ್ಲಿವರೆಗೆ ಹೋಗುತ್ತದೆ ಅನ್ನುವುದಕ್ಕೆ ಚೀನಾ ನೋಡಿ. ಅಲ್ಲಿ ಇಂಟರ್ನೆಟ್ ಗೀಳು ಬಿಡಿಸುತ್ತೇವೆ ಅಂತ ಹದಿಹರೆಯದ ಮಕ್ಕಳಿಗೆ ವಿದ್ಯುತ್ ಶಾಕ್ ಕೊಟ್ಟರು. 2009ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ಅದನ್ನು ನಿಷೇಧಿಸಬೇಕಾಯಿತು. ಆ ಮಕ್ಕಳನ್ನು ಅಲ್ಲಿಗೆ ಸೇರಿಸಿದ್ದು ಅವರ ಅಪ್ಪ ಅಮ್ಮಂದಿರೇ, ಪ್ರೀತಿಯಿಂದಲೇ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಬಿರುಗಾಳಿ
ನಾನು ಶಾಕ್ ಕೊಡಿ ಅಂದೆನಾ? ಬೀರು ಅಂದೆ.

ಹಳೇಮರ
ಇಲ್ಲ, ನೀವು ಹಾಗೆ ಹೇಳಲಿಲ್ಲ. ಆ ಮಾತಿಗೆ ಕ್ಷಮಿಸಿ. ಆದರೆ ಬೀರುವಿನಿಂದ ಹೊರಗೆ ತೆಗೆದ ಮರುದಿನ ಏನು ಅನ್ನುವ ಪ್ರಶ್ನೆ ಉಳಿಯುತ್ತದೆ. ರಾತ್ರಿಪಾಳಿ ಅವರ ನಾಲ್ಕನೇ ರಾತ್ರಿ ಓದಿ.

ಅಂಕಿಸಂಖ್ಯೆ
ಇಷ್ಟು ಹೊತ್ತು ಎಲ್ಲರೂ "ನನಗೆ ಆಯಿತು", "ನನಗೆ ಆಗಲಿಲ್ಲ" ಅಂತ ಹೇಳಿದರು. ಪುರಾವೆ ಏನಿದೆ ಅಂತಲೂ ನೋಡೋಣ.

ಚೆನ್ನಾಗಿ ಮಾಡಿದ ಅಧ್ಯಯನಗಳಲ್ಲಿ ಒಂದು ಜರ್ಮನಿ ಮತ್ತು ಆಸ್ಟ್ರಿಯಾದ್ದು. 2019ರಲ್ಲಿ ಪ್ರಕಟವಾಯಿತು. 143 ಗಂಡಸರು. ಅರಿವು ಮತ್ತು ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ ಚಿಕಿತ್ಸೆ. ವಾರಕ್ಕೊಂದರಂತೆ 15 ಗುಂಪು ಸೆಷನ್, ಜೊತೆಗೆ ಒಬ್ಬೊಬ್ಬರಿಗೆ ಬೇರೆ ಸೆಷನ್. ಚಿಕಿತ್ಸೆ ಪಡೆದವರಲ್ಲಿ ಶೇ. 69 ಜನ ಗೀಳಿನಿಂದ ಹೊರಬಂದರು. ಸರದಿಯಲ್ಲಿ ಕಾಯುತ್ತಿದ್ದವರಲ್ಲಿ ಶೇ. 24. ದೊಡ್ಡ ವ್ಯತ್ಯಾಸ. ಆದರೆ ಗಮನಿಸಿ, ಅದು ಎದುರು ಕೂತು ಮಾಡಿದ ಚಿಕಿತ್ಸೆ. ಹೆಂಗಸರು ಅದರಲ್ಲಿ ಇರಲೇ ಇಲ್ಲ.

ಆನ್‌ಲೈನ್‌ನದ್ದೂ ಜರ್ಮನಿಯಲ್ಲೇ ನಡೆದಿದೆ. ಹೆಸರು ಓಂಪ್ರಿಸ್. 180 ಜನ. ನಾಲ್ಕು ವಾರ ವೆಬ್‌ಕ್ಯಾಮ್‌ನಲ್ಲಿ ಮಾತುಕತೆ. ಕಿವಿಗೊಟ್ಟವಳು ಮೇಡಂ ಹೇಳಿದ, ಬದಲಾವಣೆ ಯಾಕೆ ಬೇಕು ಅಂತ ನಮ್ಮ ಬಾಯಿಂದಲೇ ಹೇಳಿಸುವ ರೀತಿಯೇ. 2023ರಲ್ಲಿ ಫಲಿತಾಂಶ ಬಂತು. ಕಾಯುತ್ತಿದ್ದವರಿಗಿಂತ ಚಿಕಿತ್ಸೆ ಪಡೆದವರಲ್ಲಿ ಲಕ್ಷಣಗಳು ಚೆನ್ನಾಗಿಯೇ ಇಳಿದಿದ್ದವು. ಹಾಗಾಗಿ "ಆನ್‌ಲೈನ್‌ನಲ್ಲಿ ಆಗುವುದೇ ಇಲ್ಲ" ಅನ್ನುವುದು ತಪ್ಪು.

ತರ್ಕ77
ಎರಡರಲ್ಲೂ ಹೋಲಿಸಿದ್ದು ಸುಮ್ನೆ ಕಾಯುತ್ತಿದ್ದವರ ಜೊತೆ. ಏನೂ ಸಿಗದವರಿಗಿಂತ ಏನೋ ಸಿಕ್ಕವರು ವಾಸಿ ಅನ್ನುವುದು ದೊಡ್ಡ ಮಾತಲ್ಲ. ಯಾರಾದರೂ ವಾರಕ್ಕೊಂದು ಗಂಟೆ ಪ್ರೀತಿಯಿಂದ ಮಾತಾಡಿಸಿದರೂ ಅಷ್ಟೇ ವಾಸಿ ಆಗುತ್ತಿತ್ತೇನೋ.

ಅಂಕಿಸಂಖ್ಯೆ
ಒಳ್ಳೆ ಪ್ರಶ್ನೆ, ಒಪ್ಪುತ್ತೇನೆ. ಆನ್‌ಲೈನ್‌ನ ಪುರಾವೆ ಇನ್ನೂ ಎಳೆಯದು. ಸುಮ್ನೆ ಆ್ಯಪ್ ಕೊಟ್ಟು "ನೀವೇ ಮಾಡಿಕೊಳ್ಳಿ" ಅಂದರೆ ಅರ್ಧದಲ್ಲೇ ಬಿಡುವವರು ಜಾಸ್ತಿ. ಆ ಕಡೆ ಒಬ್ಬ ಮನುಷ್ಯ ಇದ್ದು, ವಾರ ವಾರ ಕೇಳಿದರೆ ಉಳಿಯುವವರು ಜಾಸ್ತಿ. ಬೇರೆ ಮಾನಸಿಕ ತೊಂದರೆಗಳ ಆನ್‌ಲೈನ್ ಚಿಕಿತ್ಸೆಯಲ್ಲೂ ಇದು ಮತ್ತೆ ಮತ್ತೆ ಕಂಡಿದೆ. ನಿಮ್ಮ ಪ್ರೀತಿಯ ಮಾತಿನಲ್ಲೂ ಸತ್ಯ ಇದೆ ಅಂತ ಅದಕ್ಕೇ ಅನ್ನಿಸುತ್ತದೆ.

ಹೊಸಚಿಗುರು
ಆ್ಯಪ್ ಬೇಡ ಅಂದರೆ ಚಾಟ್‌ಬಾಟ್? ನಾನು ರಾತ್ರಿ ಅದರ ಹತ್ತಿರವೇ ಮಾತಾಡುತ್ತೇನೆ. ಬೇಜಾರಿಲ್ಲದೆ ಕೇಳುತ್ತದೆ. ಥೆರಪಿಸ್ಟ್ ಥರಾನೇ.

ಹಳೇಮರ
1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ ಅನ್ನುವವರು ಎಲಿಜಾ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಬರೆದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೇ. ಅವರ ಕಾರ್ಯದರ್ಶಿ ಅದರ ಜೊತೆ ನಾಲ್ಕು ಮಾತು ಟೈಪ್ ಮಾಡಿ "ನೀವು ಸ್ವಲ್ಪ ಹೊರಗೆ ಹೋಗುತ್ತೀರಾ" ಅಂದರಂತೆ. ಖಾಸಗಿಯಾಗಿ ಮಾತಾಡಬೇಕಿತ್ತು. ವೈಜನ್‌ಬಾಮ್ ಅದರಿಂದ ಕಳವಳಗೊಂಡರು. ಮನುಷ್ಯರಿಗೆ ಕೇಳುವ ಕಿವಿಯ ಹಸಿವು ಅಷ್ಟಿದೆ.

ಕಿವಿಗೊಟ್ಟವಳು
ಹೊಸಚಿಗುರು, ನಿಮ್ಮನ್ನು ತಪ್ಪು ಅನ್ನುವುದಿಲ್ಲ. ಒಂದೇ ಪ್ರಶ್ನೆ. ಅದರ ಹತ್ತಿರ ಮಾತಾಡಿದ ರಾತ್ರಿ ನೀವು ಬೇಗ ಮಲಗುತ್ತೀರಾ, ತಡವಾಗಿ ಮಲಗುತ್ತೀರಾ?

ಹೊಸಚಿಗುರು
ತಡವಾಗಿ. ಎರಡು ಗಂಟೆ ದಾಟುತ್ತದೆ.

ಕಿವಿಗೊಟ್ಟವಳು
ಸೆಷನ್‌ಗೆ 50 ನಿಮಿಷ ಅಂತ ಕೊನೆ ಇದೆ. "ಇವತ್ತಿಗೆ ಸಾಕು, ಮುಂದಿನ ವಾರ ನೋಡೋಣ" ಅಂತ ಹೇಳುವವರು ಇದ್ದಾರೆ. ಈ ಗೀಳಿನಲ್ಲಿ ನಿಲ್ಲುವುದನ್ನೇ ಕಲಿಯಬೇಕಲ್ಲವಾ. ಕೊನೆಯೇ ಇಲ್ಲದ ಮಾತು ಅದನ್ನು ಹೇಗೆ ಕಲಿಸುತ್ತದೆ?

ಮೀನಾಕ್ಷರ
ಕೊನೆಯೇ ಇಲ್ಲದ್ದು ಅಂದಾಗ ನೆನಪಾಯಿತು. ಎಷ್ಟು ಎಳೆದರೂ ಮುಗಿಯದ ಪುಟ ಇದೆಯಲ್ಲ, ಅದನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಆಮೇಲೆ ಅವರೇ ಅದಕ್ಕೆ ಬಹಿರಂಗವಾಗಿ ವಿಷಾದ ಹೇಳಿದರು. ಮುಂಚೆ ಪುಟದ ಕೆಳಗೆ "ಮುಂದೆ" ಅಂತ ಒತ್ತಬೇಕಿತ್ತು. ಆ ಒಂದು ಗಳಿಗೆಯಲ್ಲಿ "ಸಾಕು" ಅಂತ ಅನ್ನಿಸಲು ಜಾಗ ಇತ್ತು. ಅದನ್ನು ತೆಗೆದುಬಿಟ್ಟರು. ಹಾಗಾಗಿ ಎಲ್ಲ ತಪ್ಪನ್ನೂ ನಮ್ಮ ಶಿಸ್ತಿನ ಮೇಲೆ ಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ತರ್ಕ77
ಆ ಮಾತು ನನಗೇ ಅಂತ ಗೊತ್ತು. ಸರಿ, ಇದನ್ನು ಒಪ್ಪುತ್ತೇನೆ. ನಿಲ್ಲಲು ಜಾಗವನ್ನೇ ಕಿತ್ತುಕೊಂಡು ಯಾಕೆ ನಿಲ್ಲಲಿಲ್ಲ ಅಂತ ಕೇಳುವುದು ನ್ಯಾಯ ಅಲ್ಲ.

ಒಂಟಿಸಲಗ
ನನ್ನದು ಬೇರೆ ತೊಂದರೆ. ಮನೆಯಲ್ಲಿ ಆರು ಜನ, ಎರಡು ಕೋಣೆ. ವಿಡಿಯೊ ಕಾಲ್‌ನಲ್ಲಿ ನನ್ನ ಗುಟ್ಟು ಹೇಳಿದರೆ ಎಲ್ಲರಿಗೂ ಕೇಳುತ್ತದೆ. ನನ್ನದು ಅಶ್ಲೀಲ ವಿಡಿಯೊ ಗೀಳು. ಇದನ್ನು ಇಲ್ಲಿ ಬರೆಯಲೂ ಕೈ ನಡುಗುತ್ತಿದೆ.

ಸಂಜೆಬಿಸಿಲು
ಬರೆದಿರಲ್ಲ, ಅದೇ ದೊಡ್ಡದು. ಇಲ್ಲಿ ಯಾರೂ ನಿಮ್ಮನ್ನು ಕೀಳಾಗಿ ನೋಡುವುದಿಲ್ಲ.

ಕಿವಿಗೊಟ್ಟವಳು
ಒಂಟಿಸಲಗ ಅವರೇ, ನಿಂತ ಕಾರಿನಲ್ಲಿ ಕೂತು ಮಾತಾಡುವವರು, ತಾರಸಿಗೆ ಹೋಗುವವರು, ಪಾರ್ಕಿನ ಮೂಲೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಮಾತಾಡುವವರು ನನ್ನ ಹತ್ತಿರ ಇದ್ದಾರೆ. ಒಬ್ಬರು ಬಾಯಲ್ಲಿ ಹೇಳಲಾಗದ ಮಾತನ್ನು ಕಾಲ್ ನಡುವೆಯೇ ಟೈಪ್ ಮಾಡಿ ಕಳಿಸುತ್ತಿದ್ದರು, ನಾನು ಬಾಯಲ್ಲಿ ಉತ್ತರ ಕೊಡುತ್ತಿದ್ದೆ. ನಿಮ್ಮಂಥ ವಿಷಯದಲ್ಲಿ ನಾಚಿಕೆಯಿಂದ ಕ್ಲಿನಿಕ್‌ನ ಮೆಟ್ಟಿಲು ಹತ್ತದವರೇ ಜಾಸ್ತಿ. ಪರದೆ ನಡುವೆ ಇದ್ದರೆ ಮೊದಲ ವಾಕ್ಯ ಹೊರಗೆ ಬರುತ್ತದೆ ಅನ್ನುವುದನ್ನು ನಾನು ಕಂಡಿದ್ದೇನೆ.

ಒಂದು ಎಚ್ಚರಿಕೆ ಎಲ್ಲರಿಗೂ. ಎದುರಿಗಿರುವವರು ನಿಜವಾಗಿ ತರಬೇತಿ ಪಡೆದವರಾ ಅಂತ ಕೇಳಿ. ಓದು ಏನು, ನೋಂದಣಿ ಇದೆಯಾ, ಮಾತುಕತೆ ರೆಕಾರ್ಡ್ ಆಗುತ್ತದಾ, ಟಿಪ್ಪಣಿ ಯಾರ ಕೈಗೆ ಹೋಗುತ್ತದೆ, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು. ಕೇಳಿದರೆ ಸಿಟ್ಟಾಗುವವರ ಹತ್ತಿರ ಹೋಗಬೇಡಿ.

ಒಂಟಿಸಲಗ
ಟೈಪ್ ಮಾಡಿ ಹೇಳಬಹುದು ಅಂತ ಗೊತ್ತಿರಲಿಲ್ಲ.

ಗಟ್ಟಿಮಾತು
ಸರಿ, ಇದರಲ್ಲಿ ಮಾತ್ರ ಆನ್‌ಲೈನ್ ಗೆದ್ದಿತು. ನಾನು ನಡೆದುಕೊಂಡು ಹೋಗುತ್ತಿದ್ದ ದಾರಿಯಲ್ಲಿ ಅಂಥ ವಿಷಯ ಹೊತ್ತು ನಡೆಯುವುದು ಕಷ್ಟವೇ.

ರಾತ್ರಿಪಾಳಿ
ನನಗೆ ಥೆರಪಿಯಲ್ಲಿ ಜಾಸ್ತಿ ಉಪಯೋಗ ಆಗಿದ್ದು ಒಂದು ಚಿಕ್ಕ ನೋಟ್‌ಬುಕ್. ಫೋನ್ ಎತ್ತುವ ಮೊದಲು ಒಂದು ಸಾಲು ಬರೆಯಬೇಕು. ಹೊತ್ತು, ಜಾಗ, ಮನಸ್ಸು ಹೇಗಿದೆ. ಎತ್ತಬೇಡ ಅಂತ ಅವರು ಹೇಳಲೇ ಇಲ್ಲ. ಬರೆದು ಎತ್ತು, ಅಷ್ಟೇ. ಮೊದಲ ವಾರ ಎಲ್ಲ ಕಡೆ "ಸುಮ್ನೆ" ಅಂತ ಬರೆದಿದ್ದೆ. ಎರಡನೇ ವಾರ "ಸುಸ್ತು" ಬಂತು. ಮೂರನೇ ವಾರದಲ್ಲಿ ಒಂದು ಕಡೆ "ಮೇಲಧಿಕಾರಿ ಎಲ್ಲರ ಮುಂದೆ ಬೈದರು" ಅಂತ ಇದೆ. ಅವತ್ತು ನಾಲ್ಕೂವರೆ ಗಂಟೆ ನೋಡಿದ್ದೆ. ನೋಟ್‌ಬುಕ್ ಕ್ಯಾಮೆರಾಗೆ ಹಿಡಿದು ತೋರಿಸಿದೆ. ಇಬ್ಬರೂ ಸೇರಿ ಓದಿದೆವು.

ಇನ್ನೊಂದು ಅಲೆಯ ಅಭ್ಯಾಸ. ಫೋನ್ ಬೇಕು ಅನ್ನುವ ತುಡಿತ ಅಲೆಯ ಹಾಗೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದರ ಜೊತೆ ಹೊಡೆದಾಡದೆ ನೋಡುತ್ತಾ ಕೂರುವುದು. ಒಂದು ದಿನ ಸೆಷನ್‌ನಲ್ಲೇ ಮಾಡಿದೆವು. ಫೋನನ್ನು ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಟ್ಟೆ. ನೋಟಿಫಿಕೇಶನ್ ಬಂತು, ಪರದೆ ಹೊಳೆಯಿತು. "ಎಲ್ಲಿ ಅನ್ನಿಸುತ್ತಿದೆ?" ಅಂದರು. ಹೆಬ್ಬೆರಳಿನಲ್ಲಿ. ನಿಜವಾಗಿ ಹೆಬ್ಬೆರಳು ತುಡಿಯುತ್ತಿತ್ತು. ಆಮೇಲೆ ಗಂಟಲಿಗೆ ಬಂತು. ಸುಮಾರು ಹನ್ನೆರಡು ನಿಮಿಷಕ್ಕೆ ಇಳಿಯಿತು. ಅದು ತಾನಾಗಿ ಇಳಿಯುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಮೀನಾಕ್ಷರ
ಈಗ ಹೇಗಿದ್ದೀರಿ?

ರಾತ್ರಿಪಾಳಿ
ಪೂರ್ತಿ ಸರಿ ಇಲ್ಲ. ಹೋದ ತಿಂಗಳು ಒಂದು ವಾರ ಹಳೆಯ ಹಾಗೇ ಆಯಿತು. ಮುಂಚೆಯಾದರೆ "ಎಲ್ಲ ಹಾಳಾಯಿತು" ಅಂತ ಮೂರು ತಿಂಗಳು ಬಿದ್ದಿರುತ್ತಿದ್ದೆ. ಈ ಸಲ ಎಂಟನೇ ದಿನ ನೋಟ್‌ಬುಕ್ ತೆರೆದೆ.

ಅಂಕಿಸಂಖ್ಯೆ
ಚಾರ್ಜರ್ ಅನ್ನು ಮಲಗುವ ಕೋಣೆಯಿಂದ ಹೊರಗೆ ಇಡಿ, ಅಲಾರಂಗೆ ಬೇರೆ ಗಡಿಯಾರ ತಗೊಳ್ಳಿ ಅನ್ನುವುದನ್ನು ಯಾರೂ ಹೇಳಲಿಲ್ಲವಲ್ಲ. ಗುರುವಾರದವರೆಗೆ ಇದನ್ನಾದರೂ ಮಾಡಿ ನೋಡಿ.

ನಿದ್ದೆಗೆಟ್ಟವ
ಎಲ್ಲರಿಗೂ ನಮಸ್ಕಾರ. ಸೆಷನ್ ಆಯಿತು.

ಸಂಜೆಬಿಸಿಲು ಅವರು ಹೇಳಿದ ಹಾಗೆ ಫೋನನ್ನು ಹೆಂಡತಿ ಕೈಗೆ ಕೊಟ್ಟು ಲ್ಯಾಪ್‌ಟಾಪ್ ಮುಂದೆ ಕೂತೆ. ಮೊದಲ ಹತ್ತು ನಿಮಿಷ ನೆಟ್‌ವರ್ಕ್ ಸರಿ ಇರಲಿಲ್ಲ. ಅವರ ಮುಖ ನಿಂತು ನಿಂತು ಬರುತ್ತಿತ್ತು. ಆ ನೆಪದಲ್ಲಿ ಕಟ್ ಮಾಡಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮಾಡಲಿಲ್ಲ.

ಸೊನ್ನೆಯಿಂದ ಹತ್ತು ಪ್ರಶ್ನೆ ನಿಜವಾಗಿಯೂ ಬಂತು. ನಾನು ಆರು ಅಂದೆ. "ಯಾಕೆ ಮೂರು ಅಲ್ಲ?" ಅಂದರು. ಉತ್ತರ ಗೊತ್ತಿದ್ದ ಪ್ರಶ್ನೆ, ಮುಂಚೆಯೇ ಇಲ್ಲಿ ಓದಿದ್ದೆ. ಆದರೂ ಬಾಯಿ ತೆರೆದಾಗ ಬಂದದ್ದು ನಾನು ಯೋಚಿಸಿದ್ದ ಕೆಲಸದ ಮಾತಲ್ಲ. "ಅವಳು ಜಗಳ ಆಡುವುದನ್ನು ಬಿಟ್ಟಿದ್ದಾಳೆ" ಅಂದೆ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲು ಆಗಲಿಲ್ಲ. ಅವರು ಕಾದರು.

ಮನೆಗೆಲಸ ಅಂತ ನೋಟ್‌ಬುಕ್ಕೇ ಕೊಟ್ಟಿದ್ದಾರೆ. ಮುಗಿದ ಮೇಲೆ ಹೊರಗೆ ನಡೆಯಲು ಹೊರಟೆ. ಅವಳು ಫೋನ್ ವಾಪಸ್ ಕೊಡಲು ಬಂದಳು. "ಇಟ್ಟುಕೊ, ಬಾ ಹೋಗೋಣ" ಅಂದೆ. ಚಪ್ಪಲಿ ಹಾಕಿಕೊಂಡು ಬಂದಳು.

ಕಿವಿಗೊಟ್ಟವಳು
ನೋಟ್‌ಬುಕ್ಕಿನ ಮೊದಲ ವಾರ ಎಲ್ಲ ಕಡೆ "ಸುಮ್ನೆ" ಅಂತಲೇ ಇದ್ದರೆ ಹೆದರಬೇಡಿ. ಅದನ್ನೂ ಹಾಗೇ ತೋರಿಸಿ.

ಎರಡು ಮಕ್ಕಳ ತಾಯಿ
ನಾನು ಪಕ್ಕದಲ್ಲಿ ಕೂತು ಕೇಳಿದೆ. ಮೊದಲು ಅನುಮಾನದಿಂದ ನೋಡಿದ. ಆಮೇಲೆ ಅವನ ತಂಡದಲ್ಲಿ ಯಾರು ಯಾರಿದ್ದಾರೆ ಅಂತ ಹೆಸರು ಹೇಳಿ ತೋರಿಸಿದ. ಮೇಡಂ, ನಿಮಗೆ ಖಾಸಗಿ ಸಂದೇಶ ಕಳಿಸಿದ್ದೇನೆ, ಬಿಡುವಾದಾಗ ನೋಡಿ.